ಟ್ರೇಲರಿನ ರಿಮೋಟ್ ಕೆಟ್ಟಾಗ ದೋಷ ಹುಡುಕುವ ಕ್ರಮ

ಟ್ರ್ಯಾಕ್ಟರಿನ ಹೈಡ್ರಾಲಿಕ್ ಟ್ರೇಲರನ್ನು ದೂರದಲ್ಲಿ ನಿಂತು ಎತ್ತಿ ಇಳಿಸಲು ರೇಡಿಯೋ ರಿಮೋಟನ್ನು ಅಳವಡಿಸಬಹುದು. ಗುಂಡಿ ಒತ್ತಿದಾಗ ರಿಸೀವರ್ ಪೆಟ್ಟಿಗೆಯು ವಾಲ್ವಿನ ಕಾಯಿಲಿಗೆ ವಿದ್ಯುತ್ ಹರಿಸುತ್ತದೆ. ಕಾಯಿಲು ಅಯಸ್ಕಾಂತವಾಗಿ ವಾಲ್ವನ್ನು ಸರಿಸಿ ಎಣ್ಣೆಗೆ ದಾರಿ ಮಾಡುತ್ತದೆ. ರೇಡಿಯೋದ ಕೆಲಸ ಇಷ್ಟೇ. ಎತ್ತುವ ಬಲವೆಲ್ಲ ಎಣ್ಣೆಯದು.

ರಿಸೀವರಿಗೆ ಬ್ಯಾಟರಿಯಿಂದಲೇ ನೇರವಾಗಿ ತಂತಿ ಎಳೆದು, ಬ್ಯಾಟರಿಯ ಸಮೀಪದಲ್ಲಿ ಫ್ಯೂಸ್ ಹಾಕತಕ್ಕದ್ದು. ಏರಿಯಲ್ ತಗಡಿನ ಮರೆಯಲ್ಲಿರಬಾರದು. ಪೆಟ್ಟಿಗೆಯನ್ನು ಸೈಲೆನ್ಸರಿನಿಂದ ದೂರವಿಡಬೇಕು.

ಟ್ರೇಲರ್ ಏಳದಿದ್ದರೆ ಅನೇಕರು ಮೊದಲು ರಿಮೋಟನ್ನೇ ಬದಲಿಸುತ್ತಾರೆ. ಇದು ದುಬಾರಿಯ ತಪ್ಪು. ರಿಮೋಟಿನ ಸೆಲ್ ಹಾಗೂ ಫ್ಯೂಸ್ ಸರಿಯಿದ್ದರೆ, ಟ್ರೇಲರನ್ನು ಖಾಲಿ ಮಾಡಿ, ಜನರನ್ನು ದೂರ ಸರಿಸಿ, ಎಂಜಿನ್ ಓಡುತ್ತಿರುವಾಗ ವಾಲ್ವಿನ ತುದಿಯ ಕೈಗುಂಡಿಯನ್ನು ಪಕ್ಕದಲ್ಲಿ ನಿಂತು ಒತ್ತಿ ನೋಡಿರಿ. ಬಾಡಿ ಎದ್ದರೆ ಪಂಪು, ಎಣ್ಣೆ ಸರಿಯಾಗಿವೆ, ದೋಷವಿರುವುದು ವಿದ್ಯುತ್ತಿನಲ್ಲಿ. ಏಳದಿದ್ದರೆ ಎಣ್ಣೆಯ ಮಟ್ಟ, ಫಿಲ್ಟರ್, ವಾಲ್ವಿನೊಳಗಿನ ಕಸವನ್ನು ಪರೀಕ್ಷಿಸಿರಿ. ರಿಮೋಟನ್ನು ಮುಟ್ಟುವ ಅವಶ್ಯಕತೆಯಿಲ್ಲ.

ವಿದ್ಯುತ್ತಿನ ದೋಷವಾದರೆ ಮೀಟರಿನಿಂದ ಕಾಯಿಲಿನ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ಆದರೆ ತಂತಿ ಕಳಚಿ ಅಳೆಯಬೇಡಿರಿ. ತುಕ್ಕು ಹಿಡಿದ ಅರ್ಥ್ ಜೋಡಣೆಯೂ ಆಗ ಪೂರ್ತಿ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. 30 ವ್ಯಾಟಿನ ಕಾಯಿಲು 2.5 ಆಂಪಿಯರ್ ಎಳೆಯುತ್ತದೆ. ಆ ಹೊರೆ ಬಿದ್ದಾಗಲೇ ತುಕ್ಕಿನ ಬಣ್ಣ ಬಯಲಾಗುವುದು. ಆದ್ದರಿಂದ ತಂತಿ ಸೇರಿಸಿ, ಒಬ್ಬರು ಗುಂಡಿ ಒತ್ತಿರುವಾಗಲೇ ಅಳೆಯಿರಿ. ವೋಲ್ಟೇಜ್ ಸಾಕಷ್ಟಿದ್ದೂ ವಾಲ್ವ್ ಸರಿಯದಿದ್ದರೆ ಕಾಯಿಲು ಸುಟ್ಟಿರಬಹುದು. ಬಹಳ ಕಡಿಮೆಯಿದ್ದರೆ ಅರ್ಥ್ ಜೋಡಣೆಯನ್ನು ಉಜ್ಜಿ ಬಿಗಿಗೊಳಿಸಿರಿ. ಏನೂ ಬಾರದಿದ್ದರೆ ಮಾತ್ರ ರಿಸೀವರನ್ನು ಸಂಶಯಿಸಬೇಕು.

ಈ ಎಲ್ಲ ಕೆಲಸವೂ ಬಾಡಿ ಇಳಿದಿರುವಾಗಲೇ ಆಗಬೇಕು. ಎತ್ತಿದ ಬಾಡಿಯ ಕೆಳಗೆ ಕೈಯಿಡುವ ಮುನ್ನ ಕಬ್ಬಿಣದ ಆಸರೆಯನ್ನು ಕಡ್ಡಾಯವಾಗಿ ಕೊಡತಕ್ಕದ್ದು. ಎಣ್ಣೆಯ ಕೊಳವೆ ಒಡೆದರೆ ಯಾವ ರಿಮೋಟೂ ಅದನ್ನು ತಡೆದು ನಿಲ್ಲಿಸಲಾರದು.