ಕುಡಿಯದವರು ಕಟ್ಟುವ ಬಿಲ್ಲು

ಜನವರಿ ಬಂತೆಂದರೆ ಷಿಕಾಗೊ, ಡೆಟ್ರಾಯಿಟ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಎಲ್ಲಾದರೂ ಬೆಚ್ಚಗಿರೋ ಕಡೆ ಹೋಗಬೇಕು ಕಣ್ರೀ. 2019ರ ಜನವರಿ 30ರಂದು ಷಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಊರಿಂದ ನಾಲ್ಕು ಗಂಟೆ ಹಾರಿದರೆ ಮೆಕ್ಸಿಕೊದ ಕ್ಯಾನ್‌ಕುನ್ ಸಿಗುವಾಗ ಆಸೆಪಡುವುದು ತಪ್ಪಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ನಾನೂ ನಮ್ಮವರೂ ಮೆಕ್ಸಿಕೊ, ಕೋಸ್ಟರಿಕಾ, ಡೊಮಿನಿಕನ್ ರಿಪಬ್ಲಿಕ್ ಅಂತ ಸುತ್ತುತ್ತಲೇ ಇದ್ದೇವೆ. ಕುಂದಾಪುರದಲ್ಲಿರುವ ನಮ್ಮತ್ತೆಗೆ ಮಾತ್ರ ಇದು ಇವತ್ತಿಗೂ ಅರ್ಥವಾಗಿಲ್ಲ. ಸಮುದ್ರ ನೋಡೋಕೆ ಯಾರಾದರೂ ದುಡ್ಡು ಕೊಡುತ್ತಾರಾ ಅನ್ನುತ್ತಾರೆ.

ಸಮುದ್ರಕ್ಕೆ ಕೊಟ್ಟರೆ ನನ್ನ ತಕರಾರಿಲ್ಲ. ತಕರಾರಿರುವುದು ‘ಆಲ್ ಇನ್‌ಕ್ಲೂಸಿವ್’ ಎಂಬ ಪ್ಯಾಕೇಜಿನ ಮೇಲೆ. ರೂಮು, ಊಟ, ತಿಂಡಿ, ಮದ್ಯ ಎಲ್ಲಕ್ಕೂ ಒಂದೇ ದರ. ಆ ದರ ನಿಗದಿಯಾಗುವುದು ಸರಾಸರಿ ಗಿರಾಕಿಯ ಲೆಕ್ಕದಲ್ಲಿ. ಅವನು ಬೆಳಿಗ್ಗೆ ಹನ್ನೊಂದಕ್ಕೇ ಈಜುಕೊಳದ ಬಾರಿನಲ್ಲಿ ಮಾರ್ಗರಿಟಾ ಹಿಡಿದು ಕೂರುತ್ತಾನೆ, ರಾತ್ರಿ ಸ್ಟೇಕ್, ಲಾಬ್‌ಸ್ಟರ್ ತಿನ್ನುತ್ತಾನೆ. ಅವನಿಗೆ ಇದು ಲಾಭದ ವ್ಯವಹಾರವೇ. ಸಸ್ಯಾಹಾರಿಗಳೂ ಕುಡಿಯದವರೂ ಆದ ನಮ್ಮಂಥ ಗಂಡಹೆಂಡಿರು ಅದೇ ದರ ಕೊಟ್ಟು ಅವನ ಗ್ಲಾಸು ತುಂಬಿಸುತ್ತೇವೆ.

ಕ್ಯಾನ್‌ಕುನ್‌ನ ಒಂದು ರೆಸಾರ್ಟಿನಲ್ಲಿ ನಡೆದದ್ದು. ಬಫೆಯ ಉದ್ದಕ್ಕೂ ಹೊಳೆಯುವ ಪಾತ್ರೆಗಳು. ಅನ್ನ, ಕಪ್ಪು ಹುರುಳಿಯಂಥ ಕಾಳಿನ ಪಲ್ಯ ಕಂಡು ನಮ್ಮವರು ಖುಷಿಯಾಗಿ ತಟ್ಟೆ ತುಂಬಿಸಿಕೊಂಡರು. ನನಗೆ ಅನುಮಾನ. ಅಡುಗೆಯವನನ್ನು ಕೇಳಿದೆ. ಪಾಪ, ಸತ್ಯ ಹೇಳಿದ: ಅನ್ನ ಬೆಂದದ್ದು ಕೋಳಿಯ ಸಾರಿನಲ್ಲಿ, ಕಾಳು ಹುರಿದದ್ದು ‘ಮಾಂತೆಕಾ’ದಲ್ಲಿ, ಅಂದರೆ ಹಂದಿ ಕೊಬ್ಬಿನಲ್ಲಿ. ಮಾಂಸ ಹಾಕಿಲ್ಲವಲ್ಲ ಎಂದು ಅವನಿಗೇ ಆಶ್ಚರ್ಯ. ಆಮೇಲೆ ನಮ್ಮ ಊಟವೆಂದರೆ ಟೋರ್ಟಿಯಾ, ಗ್ವಾಕಮೋಲೆ, ಪಪ್ಪಾಯಿ. ಇಬ್ಬರಿಗೆ ಒಂದು ರಾತ್ರಿಗೆ ನಾನೂರು ಡಾಲರ್ ದಾಟಿದ ಬಿಲ್ಲಿಗೆ ಅದೆಂಥ ಪಪ್ಪಾಯಿ!

ಅಲ್ಲಿಂದೀಚೆಗೆ ನಾವು ಅಡುಗೆಮನೆಯಿರುವ ಸಣ್ಣ ಬಾಡಿಗೆ ಮನೆ ಹಿಡಿಯುತ್ತೇವೆ. ಕ್ಯಾನ್‌ಕುನ್‌ನ ದಕ್ಷಿಣಕ್ಕೆ ಪ್ವೆರ್ತೊ ಮೊರೆಲೊಸ್ ಎಂಬ ಮೀನುಗಾರರ ಊರಿದೆ. ವಿಮಾನ ನಿಲ್ದಾಣದಿಂದ ಎಡಿಒ ಕಂಪನಿಯ ಬಸ್ಸು ಸಿಗುತ್ತದೆ. ಷಿಕಾಗೊದ ಡೆವನ್ ಅವೆನ್ಯೂದ ಭಾರತೀಯ ಅಂಗಡಿಯಿಂದ ತಂದ ಚಟ್ನಿಪುಡಿ ಸೂಟ್‌ಕೇಸಿನಲ್ಲಿ, ಟೊಮೆಟೊ, ಈರುಳ್ಳಿ, ಮಾವು ಅಲ್ಲಿನ ಅಂಗಡಿಯಲ್ಲಿ. ಮನೆ, ಊಟ, ಓಡಾಟ ಎಲ್ಲ ಸೇರಿದರೂ ರೆಸಾರ್ಟಿನ ಅರ್ಧ ದಾಟುವುದಿಲ್ಲ. ಇನ್ನು ಸಮುದ್ರ: ಮೆಕ್ಸಿಕೊದಲ್ಲಿ ಕಾನೂನಿನ ಪ್ರಕಾರ ಕಡಲತೀರವೆಲ್ಲ ಸಾರ್ವಜನಿಕ ಸ್ವತ್ತು. ರೆಸಾರ್ಟಿನ ಮುಂದಿನ ಮರಳಿನ ಮೇಲೂ ನೀವು ಧಾರಾಳವಾಗಿ ನಡೆಯಬಹುದು. ನಮ್ಮತ್ತೆ ಹೇಳಿದ್ದೇ ಸರಿಯಾಯಿತು ನೋಡಿ.

ಚಿಕ್ಕ ಮಕ್ಕಳಿದ್ದವರಿಗೆ, ಗುಂಡುಪ್ರಿಯರಿಗೆ ರೆಸಾರ್ಟೇ ಅಗ್ಗವಾದೀತು. ಅವರ ಸಂಭ್ರಮಕ್ಕೆ ನಾನು ಕಲ್ಲು ಹಾಕುವುದಿಲ್ಲ.

ಆದರೆ ರೆಸಾರ್ಟಿನವರು ‘ಪುಕ್ಕಟೆ ತಿಂಡಿ, ತೊಂಬತ್ತು ನಿಮಿಷ ಮಾತು’ ಎಂದು ಕರೆದರೆ ಯಾರೂ ಹೋಗಬೇಡಿ. ಅದು ಟೈಮ್‌ಷೇರ್, ಅಂದರೆ ವರ್ಷಕ್ಕಿಷ್ಟು ದಿನ ರೆಸಾರ್ಟಿನಲ್ಲಿ ತಂಗುವ ಹಕ್ಕು, ಮಾರುವ ಸಭೆ. ಇಂದು ಸಾವಿರಗಟ್ಟಲೆ ಡಾಲರ್, ಆಮೇಲೆ ವರ್ಷವರ್ಷವೂ ಏರುವ ನಿರ್ವಹಣಾ ಶುಲ್ಕ, ಮಾರಲು ಹೋದರೆ ಕೇಳುವವರಿಲ್ಲ. ನಮ್ಮ ಪರಿಚಯದ ಮಿಷಿಗನ್ ದಂಪತಿ ಸಹಿ ಹಾಕಿಯೇ ಬಂದಿದ್ದರು. ಮೆಕ್ಸಿಕೊದ ಕಾನೂನು ಸಹಿ ಹಾಕಿದ ಮೇಲೆ ಐದು ಕೆಲಸದ ದಿನಗಳೊಳಗೆ ದಂಡವಿಲ್ಲದೆ ರದ್ದು ಮಾಡುವ ಹಕ್ಕು ಕೊಟ್ಟಿದೆ. ಆ ದಂಪತಿ ರದ್ದು ಮಾಡಿ ಎಂದು ಲಿಖಿತವಾಗಿ ಕೊಟ್ಟರು, ಹಣ ವಾಪಸ್ ಬಂತು.

ಇನ್ನು ದುಡ್ಡು ಉಳಿಸುವ ಮಾತು. ಕಾರ್ಡ್ ಉಜ್ಜುವಾಗ ಯಂತ್ರ ‘ಡಾಲರೋ ಪೆಸೊವೋ’ ಎಂದು ಕೇಳಿದರೆ ಪೆಸೊ ಎನ್ನಿ. ಡಾಲರ್ ಎಂದರೆ ವಿನಿಮಯ ದರ ಅವರಿಷ್ಟದ್ದು. ವಿದೇಶಿ ಶುಲ್ಕವಿಲ್ಲದ ಕಾರ್ಡನ್ನೇ ಒಯ್ಯಿರಿ, ಇಲ್ಲವಾದರೆ ಸಾಮಾನ್ಯವಾಗಿ ಶೇ 3ರಷ್ಟು ಕೈಬಿಟ್ಟುಹೋಗುತ್ತದೆ. ವಿಮಾನದ ಟಿಕೆಟ್ ಕೊಳ್ಳುವಾಗ ಡೆಟ್ರಾಯಿಟ್‌ನವರು ಓಹೇರ್ ದರವನ್ನೂ ನೋಡಬಹುದು. ಯುನೈಟೆಡ್, ಅಮೆರಿಕನ್ ಎರಡಕ್ಕೂ ಅದೇ ನೆಲೆಯಾದ್ದರಿಂದ ಪೈಪೋಟಿ ಇದೆ. ಐ-94 ಹೆದ್ದಾರಿಯಲ್ಲಿ ಸುಮಾರು 450 ಕಿ.ಮೀ. ಓಡಿಸುವ ಪೆಟ್ರೋಲು, ಪಾರ್ಕಿಂಗ್ ಸೇರಿಸಿ ಲೆಕ್ಕ ಹಾಕಿ.

ಎಚ್-1ಬಿ ಉದ್ಯೋಗ ವೀಸಾದ ಮೇಲಿರುವ ಕಿರಿಯರಿಗೆ ಒಂದು ಮಾತು. ಸಿಂಧುವಾದ ಅಮೆರಿಕ ವೀಸಾ ಇದ್ದರೆ ಭಾರತೀಯ ಪಾಸ್‌ಪೋರ್ಟಿಗೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಕೇಳುತ್ತದೆ. ಐ-94 ಎಂಬ ಪ್ರವೇಶ ದಾಖಲೆ (ಹೆದ್ದಾರಿಯಲ್ಲ) ಚಾಲ್ತಿಯಲ್ಲಿದ್ದರೆ ಮುಗಿದ ಮುದ್ರೆಯಲ್ಲೇ ಅಮೆರಿಕಕ್ಕೆ ಮರಳಿ ಬರುವ ಸವಲತ್ತು ನಿಮಗಿರುವುದು ಮೆಕ್ಸಿಕೊ, ಕೆನಡಾಗಳಿಗೆ ಮೂವತ್ತು ದಿನ ಮೀರದೆ ಹೋಗಿಬಂದಾಗ ಮಾತ್ರ, ಡೊಮಿನಿಕನ್ ರಿಪಬ್ಲಿಕ್‌ನ ಪುಂತಾ ಕಾನಾಕ್ಕೋ ಜಮೈಕಾಕ್ಕೋ ಹೋದರೆ ಇಲ್ಲ. ವಿಮಾನ ಕಂಪನಿಯಿಂದ ನೇರವಾಗಿ, ಪ್ರಯಾಣಕ್ಕೆ ಏಳು ದಿನ ಮೊದಲೇ ಟಿಕೆಟ್ ಕೊಂಡರೆ 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ಪಡೆಯಬಹುದು. ಆ 24 ಗಂಟೆಯೊಳಗೆ ದಯವಿಟ್ಟು ಇಬ್ಬರ ಪಾಸ್‌ಪೋರ್ಟನ್ನೂ ಬಿಚ್ಚಿ, ವೀಸಾದ ದಿನಾಂಕ ನೋಡಿ.