ಕುಂಜಪಕ್ಷಿ

ಈಚಲು ಮರದಲ್ಲಿ ತೂಗಾಡುವ ಗೀಜಗನ ಗೂಡನ್ನು ನೀವು ಕಂಡಿರಬಹುದು. ಗಂಡು ಅರ್ಧ ಹೆಣೆದ ಗೂಡನ್ನು ಹೆಣ್ಣು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಸಂಸಾರ. ದೂರದ ನ್ಯೂಗಿನಿ ದ್ವೀಪದ ಕುಂಜಪಕ್ಷಿಯ ರೀತಿಯು ಇದಕ್ಕಿಂತಲೂ ವಿಚಿತ್ರವಾದುದು.

ಹೊಂಬಣ್ಣದ ಜುಟ್ಟುಳ್ಳ ಕುಂಜಪಕ್ಷಿಯೊಂದನ್ನು 1895ರಲ್ಲಿ ವಾಲ್ಟರ್ ರಾತ್ಸ್‌ಚೈಲ್ಡ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ಲೋಕಕ್ಕೆ ಪರಿಚಯಿಸಿದರು. ಆದರೆ ಅವರಿಗೆ ದೊರೆತುದು ವ್ಯಾಪಾರಿಗಳಿಂದ ಬಂದ ಒಣಗಿದ ಚರ್ಮಗಳು ಮಾತ್ರ. ಆ ಹಕ್ಕಿಯ ನೆಲೆ ಯಾವುದೆಂದು ವಿಜ್ಞಾನಿಗಳಿಗೆ ತಿಳಿಯಲಿಲ್ಲ. ಹುಡುಕಿ ಹೊರಟವರು ಬರಿಗೈಯಲ್ಲಿ ಹಿಂದಿರುಗಿದರು.

1981ರಲ್ಲಿ ಅಮೆರಿಕದ ಜೇರೆಡ್ ಡೈಮಂಡ್ ಅವರು ಆ ದ್ವೀಪದ ಫೋಜಾ ಪರ್ವತಗಳ ನಿರ್ಜನ ಅರಣ್ಯದಲ್ಲಿ ಅದನ್ನು ಜೀವಂತವಾಗಿ ಕಂಡರು. ಗಂಡುಹಕ್ಕಿಯು ಎಳೆಮರದ ಸುತ್ತ ಕಡ್ಡಿಗಳನ್ನು ಪೇರಿಸಿ ಗೋಪುರ ಕಟ್ಟಿತ್ತು; ಅದರ ಬಳಿ ಹಣ್ಣುಗಳನ್ನು ಬಣ್ಣಕ್ಕೊಂದು ರಾಶಿಯಾಗಿ ಜೋಡಿಸಿತ್ತು. ಈ ಕುಂಜವು ವಾಸದ ಗೂಡಲ್ಲ, ಹೆಣ್ಣನ್ನು ಒಲಿಸಿಕೊಳ್ಳುವ ಅಂಗಳ. ಕುಂಜ ಕಟ್ಟುವ ಜಾತಿಗಳಲ್ಲಿ ಮರಿಗಳನ್ನು ಸಾಕುವ ಹೊಣೆ ಹೆಣ್ಣಿನದೇ.

86 ವರ್ಷಗಳ ಕಾಲ ಚರ್ಮವನ್ನು ನೋಡಿದವರಿಗೆ ಗರಿಯ ಬಣ್ಣ ತಿಳಿಯಿತೇ ಹೊರತು ಈ ಕೌಶಲವು ತಿಳಿಯಲಿಲ್ಲ. ಅರಣ್ಯವು ಅಳಿಯದೆ ಉಳಿದುದರಿಂದಲೇ ಅದು ನಮ್ಮ ಅರಿವಿಗೆ ಬಂದಿತು. ಕಾಡು ನಾಶವಾದರೆ ನಮಗೆ ಉಳಿಯುವುದು ಒಣಚರ್ಮವೊಂದೇ.