ಧ್ವನಿಮುದ್ರಿಕೆಯ ಮೂಲಕ ವಿದ್ಯಾಪ್ರವೇಶ: ವಚನಗಾಯನದ ವಿದ್ಯಾರ್ಥಿಗಳಿಗೆ

ಗುರುವನ್ನು ಅರಸಿ ಹೊರಟ ಶಿಷ್ಯನು ಹಿಂದೆ ಗುರುವಿನ ಇದಿರಿನಲ್ಲಿಯೇ ಕುಳಿತು ಹಾಡಬೇಕಾಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳವರೂ (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳವರೂ (1914–2010) ಅಂಧ ಬಾಲಕರಿಗೆ ನಾದವಿದ್ಯೆಯನ್ನು ಧಾರೆಯೆರೆದುದು ಹಾಗೆ. ಈಗಲಾದರೋ ಪರದೇಶದ ಅನೇಕ ಕಾಲೇಜುಗಳೂ ನಮ್ಮಲ್ಲಿಯ ಕೆಲವು ಸಂಸ್ಥೆಗಳೂ ಅರ್ಜಿಯೊಡನೆ ಧ್ವನಿಮುದ್ರಿಕೆಯನ್ನು ಕೇಳುತ್ತವೆ. ಕಾಣದ ಪರೀಕ್ಷಕನಿಗೆ ಹಾಡುವ ಈ ಕ್ರಮ ತೀರ ಹೊಸತೇನೂ ಅಲ್ಲ. ಗಾಯಕನ ಮುಖ ನೋಡದೆ ಕಂಠವನ್ನಷ್ಟೇ ಆಲಿಸಿ ಶ್ರೇಣಿ ಕೊಡುವ ಪದ್ಧತಿ ಆಕಾಶವಾಣಿಯಲ್ಲಿ 1950ರ ದಶಕದಿಂದಲೇ ಬೇರೂರಿತು. ಅದಕ್ಕೂ ಹಿಂದೆ, 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್, ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಸಂಗ್ರಹಿಸಿ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. ಮೈಸೂರು ಅರಮನೆಯ ಆಶ್ರಯದಲ್ಲಿ 1930ರಲ್ಲಿ ಆಕೆಯ ದೇಹಾಂತವಾಯಿತು. ಕಾಲದ ಮಿತಿಯೊಳಗೆ ಹಾಡುವುದನ್ನು ನಮ್ಮ ಮಕ್ಕಳು ಆ ಹಳೆಯ ತಟ್ಟೆಗಳಿಂದ ಕಲಿಯಬಹುದು.

ವಚನವು ಛಂದಸ್ಸಿನ ಕಟ್ಟಿಗೆ ಸಿಕ್ಕದ ಗದ್ಯ. ರಾಗ ತಾಳಗಳು ಅದಕ್ಕೆ ತರುವಾಯ ತೊಡಿಸಿದವು. ಆದುದರಿಂದ ಉಸಿರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಾಳವಲ್ಲ, ಅರ್ಥವೇ ಹೇಳಬೇಕು. ‘ಚೆನ್ನ’ ಎಂದು ನಿಂತು ‘ಮಲ್ಲಿಕಾರ್ಜುನ’ ಎಂದು ಮುಂದುವರಿದರೆ ಅಂಕಿತವೇ ಒಡೆದುಹೋಗುತ್ತದೆ. ಸಭೆಯಲ್ಲಿ ಮುಖಭಾವ ಮುಚ್ಚಿಬಿಡುವ ದೋಷಗಳು ಮುದ್ರಿಕೆಯಲ್ಲಿ ಬೆತ್ತಲಾಗುತ್ತವೆ: ಶರಣ ‘ಸರಣ’ನಾಗುತ್ತಾನೆ, ಭಕ್ತಿ ‘ಬಕ್ತಿ’ಯಾಗುತ್ತದೆ, ಹರ ‘ಅರ’ನಾಗುತ್ತಾನೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ಜಾರುವುದು ಸಹಜ. ಅದನ್ನು ನಾನು ಹಳಿಯುವುದಿಲ್ಲ, ಹಾಡಿಗೆ ಮಾತ್ರ ಅದು ಸಲ್ಲದು. ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನವನ್ನು ರಾಗಕ್ಕಾಗಿ ಒಮ್ಮೆ, ಅಕ್ಷರಗಳಿಗಾಗಿ ಇನ್ನೊಮ್ಮೆ ಕೇಳಿರಿ.

ಇನ್ನು ಸ್ಥಳದ ಮಾತು. ಮೊಬೈಲನ್ನು ಬಾಯ ಹತ್ತಿರ ಹಿಡಿಯದೆ ನಾಲ್ಕು ಮೊಳ ದೂರದಲ್ಲಿರಿಸಿ. ಕರೆ ಬಾರದಂತೆ ಮಾಡಿ. ತಂಬೂರಿಯ ಶ್ರುತಿ ಕಂಠವನ್ನು ನುಂಗದಿರಲಿ. ಸಂಜೆಯಾದರೆ ಜೀರುಂಡೆಗಳ ಕಾಟ.

ಮಳೆಯದು ಎಲ್ಲಕ್ಕಿಂತ ದೊಡ್ಡ ತೊಡಕು. ಕಾಲೇಜಿಗೆ ಅರ್ಜಿ ಸಲ್ಲಿಸುವ ಜೂನ್ ತಿಂಗಳಿಗೂ ಸಕಲೇಶಪುರ ಆಲೂರುಗಳ ಮುಂಗಾರಿಗೂ ಅದೇನು ನಂಟೋ! ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯೆಯೊಬ್ಬಳು ತಗಡಿನ ಮಾಡಿನ ಕೆಳಗೆ ಮೂರು ದಿನ ಹಾಡಿದರೂ ಮಳೆಯ ಸದ್ದೇ ಮುಂದಾಯಿತು. ಪೇಟೆಯ ಸ್ಟುಡಿಯೋದವನು ಅಪಸ್ವರಗಳನ್ನೂ ಕಂಪ್ಯೂಟರಿನಲ್ಲಿಯೇ ತಿದ್ದಿಕೊಡುವೆನೆಂದನು. ತಂದೆ ಒಪ್ಪಿದ್ದರು. “ಗುರುಗಳೇ, ತಾವು ಹೇಳಿದಂತೆ” ಎಂದಳು ಮಗು. ಬೇಡವೆಂದೆನು. ಹಾಡಿದವಳು ತಾನೆಂದು ಅರ್ಜಿಯಲ್ಲಿ ಸಹಿ ಹಾಕುವವಳು ಅವಳು, ಯಂತ್ರವಲ್ಲ. ಮಳೆಯ ಸದ್ದಿನೊಡನೆಯೇ ಮುದ್ರಿಕೆ ಹೋಯಿತು. ಆ ವರ್ಷ ಪ್ರವೇಶ ದೊರೆಯಲಿಲ್ಲ. ಅವಳ ತಂದೆ ಬಹುಕಾಲ ನನ್ನೊಡನೆ ಮಾತನಾಡಲಿಲ್ಲ. ಅವರ ನೋವು ನ್ಯಾಯವಾದುದೇ, ಮಗಳ ಒಂದು ವರ್ಷ ಹೋಗಿತ್ತಲ್ಲ.

ಮರುವರ್ಷ ಏಪ್ರಿಲಿನಲ್ಲಿಯೇ, ಬೆಳಗಿನ ಜಾವ, ಮಠದ ಒಳಕೋಣೆಯಲ್ಲಿ ಮುದ್ರಿಸಿದೆವು. ಈ ಬಾರಿ ಬೇರೊಂದು ಕಾಲೇಜಿನವರು ಮುದ್ರಿಕೆ ಕೇಳಿದ ಮೇಲೆ ಇದಿರಿನಲ್ಲಿಯೂ ಅದೇ ವಚನವನ್ನು ಹಾಡಿಸಿ ಸೇರಿಸಿಕೊಂಡರು. ಆ ಒಳಕೋಣೆಯನ್ನು ಪೂಜ್ಯ ಶ್ರೀಗಳವರು ಈಗ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಮಕ್ಕಳಿಗೆ ಬಿಟ್ಟುಕೊಡುತ್ತಾರೆ; ಬೇಕಾದವರು ಯುಗಾದಿಯ ಹೊತ್ತಿಗೆ ನನಗೆ ತಿಳಿಸಿದರೆ ಸಾಕು.